ಮುದ್ದಪ್ಪನ ಗಣೆ

ಆಗಸ್ಟ್ 6, ಮಧ್ಯಾಹ್ನ
ಊಟದ ನಂತರದ ಪೀರಿಯಡ್. ಇವತ್ತೂ ಅದೇ ಆಟ — ಮಕ್ಕಳು ಕಣ್ಣು ಮುಚ್ಚಿ ಕೂರಬೇಕು, ನಾನು ಒಂದೊಂದೇ ವಾದ್ಯ ನುಡಿಸಬೇಕು. ಯಾವುದಕ್ಕೆ ಮೈ ಜುಂ ಅನ್ನುತ್ತೋ ಅದನ್ನೇ ಕಲಿಯೋದು. ಹಾರ್ಮೋನಿಯಂಗೆ ಇಬ್ಬರು, ತಬಲಕ್ಕೆ ಅರ್ಧ ಕ್ಲಾಸು. ಗದ್ದಲ ಮಾಡೋಕೆ ಲೈಸೆನ್ಸ್ ಸಿಗುತ್ತಲ್ಲ, ಕಳ್ಳರು! ಕೊಳಲು ಊದಿದಾಗ ಭುವನಾ ಮಾತ್ರ ಕಣ್ಣು ತೆರೆಯಲೇ ಇಲ್ಲ. ಬೆಲ್ ಹೊಡೆದರೂ... ನಿದ್ದೆ ಅಂದುಕೊಂಡೆ. ಕೆನ್ನೆ ಒದ್ದೆಯಾಗಿತ್ತು.

ಆಗಸ್ಟ್ 8
"ಕೊಳಲು ಅಂತ ಬರ್ಕೊಳ್ಲಾ?" ಅಂತ ಭುವನಾನ ಕೇಳಿದೆ. ತಲೆ ತಗ್ಗಿಸಿದಳು. "ನಮ್ಮನೇಲಿ ಹೆಣ್ಮಕ್ಳು ಗಣೆ ಮುಟ್ಟಂಗಿಲ್ಲ ಮಿಸ್."
ಗಣೆ ಅಂದರೆ ಅವಳ ತಾತ ಮುದ್ದಪ್ಪ ಕುರಿ ಮೇಯಿಸ್ತಾ ಊದ್ತಿದ್ದ ಉದ್ದನೆ ಬಿದಿರಿನ ಕೊಳಲು. ಮನೆಯಲ್ಲಿ ದೇವರ ಪಕ್ಕ ಇಡ್ತಾರಂತೆ. ತಾತನನ್ನು ನಾನು ಒಪ್ಪಿಸ್ತೀನಿ ಅಂದುಬಿಟ್ಟೆ. ಬೇಕಿತ್ತಾ ನನಗೆ?

ಆಗಸ್ಟ್ 11, ಸಂಜೆ
ಭುವನಾಳ ಊರು ಹುಲಿಕುಂಟೆಗೆ ಹೋಗಿದ್ದೆ. ಬಯಲು, ಗಾಳಿ, ಬಿಸಿಲಲ್ಲಿ ತೇಲೋ ಕುರಿಧೂಳು... ಎಲ್ಲಿಗೆ ಬಂದೆ, ಯಾಕೆ ಬಂದೆ, ಮರೆತೇ ಹೋಗಿತ್ತು. ಮುದ್ದಪ್ಪನಿಗೆ ನನ್ನ ಕೊಳಲು ತೋರಿಸಿದೆ. ನಕ್ಕರು — ಬಾಯಲ್ಲಿ ಒಂದು ಹಲ್ಲೂ ಇಲ್ಲ. "ಇದು ಗಣೆ ಅಲ್ಲ ಕಣಮ್ಮ. ಮುಟ್ಕಳ್ಲಿ ಬುಡು."
ಇಷ್ಟೇನಾ! ಗೆದ್ದೆ ಅಂತ ಬೀಗಿದೆ. ಹಿಂದಿನಿಂದ ಭುವನಾ ಅಂದಳು, "ನಂಗೆ ಕೊಳಲು ಬ್ಯಾಡ ಮಿಸ್. ತಾತನ ಗಣೇನೇ ಬೇಕು. ಹಲ್ಲೋದ್ಮೇಲೆ ತಾತ ಊದೇ ಇಲ್ಲ. ಮನೇಲಿ ಇನ್ಯಾರ್ಗೂ ಬರಲ್ಲ. ಅದ್ರ ದನಿ ಮರ್ತೋಗ್ತೈತೆ."
ಮುದ್ದಪ್ಪ ಎದ್ದು ಕುರಿಗಳ ಕಡೆ ಹೋದರು. ಬಸ್ಸಲ್ಲಿ ಪೆಚ್ಚಾಗಿ ಕೂತಿದ್ದೆ. ಕ್ಲಾಸಲ್ಲಿ ಅವಳು ಅತ್ತಿದ್ದು ನನ್ನ ಕೊಳಲಿಗಲ್ಲ.

ಆಗಸ್ಟ್ 30
ಭುವನಾ ಇನ್ನೂ ಯಾವುದನ್ನೂ ಆರಿಸಿಲ್ಲ. ಕಿಟಕಿ ಪಕ್ಕ ಸುಮ್ಮನೆ ಕೂರ್ತಾಳೆ. ತಂಬೂರಿ ಕೊಡಲಾ ಅಂದೆ, ಬೇಡ ಅಂದಳು. ಬಲವಂತ ಮಾಡಲಿಲ್ಲ. ನೋಡಿದರೆ ಸಂಕಟ ಆಗುತ್ತೆ.

ಸೆಪ್ಟೆಂಬರ್ 9, ಬೆಳಗ್ಗೆ
ಮುದ್ದಪ್ಪ ಸ್ಕೂಲಿಗೇ ಬಂದುಬಿಟ್ಟಿದ್ದಾರೆ! ಜಗಲಿಯಲ್ಲಿ ಕಂಬಳಿ ಹಾಸಿ ಕೂತರು. ಬಟ್ಟೆ ಬಿಚ್ಚಿ ಗಣೆ ತೆಗೆದರು. ಎರಡೂ ಕೈಯಲ್ಲಿ ತಾವೇ ಹಿಡಿದು, ಊದೋ ತೂತನ್ನು ಮೊಮ್ಮಗಳ ತುಟಿಗೆ ತಂದರು.
"ಕೈ ಹಿಂದಕ್ಕೆ ಕಟ್ಕಳಮ್ಮ. ಹೆಣ್ಮಕ್ಳು ಕೈ ಮುಟ್ಟುಸ್ಬಾರ್ದು ಅಂತ ನಮ್ಮಪ್ಪ ಹೇಳಿದ್ದು. ಉಸ್ರಿನ ಇಸ್ಯ ಏನೂ ಹೇಳಿಲ್ಲ. ಬೆರ್ಳು ನಂದು, ಉಸ್ರು ನಿಂದು. ಊದು."
ಬರೀ ಗಾಳಿ. ಮತ್ತೆ ಬರೀ ಗಾಳಿ. ತಬಲದ ಗುಂಪೂ ಸದ್ದಿಲ್ಲದೆ ನಿಂತಿತ್ತು. ಆಮೇಲೆ ಗಣೆ ಒಳಗಿಂದ ತೆಳ್ಳಗೆ ದನಿಯೊಂದು ಹೊರಟಿತು. ಮುದ್ದಪ್ಪನ ಬೆರಳು ಆಡತೊಡಗಿದವು. ನನಗೆ ಅಳು ತಡೆಯಲಾಗಲಿಲ್ಲ. ಸ್ಟಾಫ್ ರೂಮಿಗೆ ಓಡಿಬಂದು ಬರೀತಿದ್ದೀನಿ. ಬೆಲ್ ಆಗಿದೆ, ಯಾರೂ ಕ್ಲಾಸಿಗೆ ಹೋಗ್ತಿಲ್ಲ. ಹೋಗಿ ಅಂತ ನಾನಂತೂ ಹೇಳಲ್ಲ. ಅದೋ, ಮತ್ತೆ ಊದ್ತಿ—