ನಿನ್ನ ಕೆನ್ನೆಗೆ ಯಾವ ಬಣ್ಣ

ಗುರುತು ಪರಿಚಯವಿಲ್ಲದ ನನ್ನಜ್ಜಿಗೆ,

ನೀವು ಎನ್ನಬೇಕೋ ನೀನು ಎನ್ನಬೇಕೋ ತಿಳಿಯದೆ ಮೊದಲ ಸಾಲಿಗೇ ತಡವರಿಸುತ್ತಿದ್ದೇನೆ. ನೀನು ಸತ್ತು ಸಾವಿರಾರು ವರ್ಷಗಳಾಗಿವೆ. ಆ ಲೆಕ್ಕದಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ನೀನು ಹಿರಿಯಳು. ಆದರೆ ನಿನ್ನ ಹಲ್ಲು ನೋಡಿದ ವೈದ್ಯರು, ಸಾಯುವಾಗ ನಿನಗೆ ಮೂವತ್ತೂ ತುಂಬಿರಲಿಲ್ಲ ಎಂದರು. ಅಂದರೆ ನನ್ನ ಮಗಳಿಗಿಂತ ಚಿಕ್ಕವಳು! ನಮ್ಮ ಕೆಲಸದ ಕೋಣೆಯಲ್ಲಿ ಎಲ್ಲರೂ ನಿನ್ನನ್ನು ಅಜ್ಜಿ ಎಂದೇ ಕರೆಯುವುದರಿಂದ ಅಜ್ಜಿಯೇ ಇರಲಿ. ಸಲಿಗೆಯಿಂದ ನೀನು ಎಂದು ಬರೆಯುತ್ತೇನೆ, ಸಿಟ್ಟಾಗಬೇಡ.

ನಾನು ಮ್ಯೂಸಿಯಮ್ಮಿನಲ್ಲಿ ಮುಖ ಮಾಡುವವಳು. ತಲೆಬುರುಡೆಯ ಅಚ್ಚು ತೆಗೆದು, ಅದರ ಮೇಲೆ ಅಲ್ಲಲ್ಲಿ ಸಣ್ಣ ಕಡ್ಡಿ ನೆಟ್ಟು, ಎಲ್ಲಿ ಎಷ್ಟು ಮಾಂಸ ಇದ್ದಿರಬಹುದೆಂದು ನೋಡಿಕೊಂಡು ಜೇಡಿಮಣ್ಣು ತುಂಬುತ್ತಾ ಬರುವುದು ನನ್ನ ಕಸುಬು. ಮುಖ ಮೂಡಿದ ಮೇಲೆ ಅದನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಬಣ್ಣ ಹಚ್ಚುತ್ತೇನೆ. ಗಾಜಿನ ಕಣ್ಣು ಮಾಡಿ ಕೂರಿಸುವುದು ಇನ್ನೊಬ್ಬಳ ಕೆಲಸ. ಅವಳನ್ನು ನಾವು ಕಣ್ಣಿನವಳು ಎಂದೇ ಕರೆಯುವುದು. ನಿನ್ನ ಗದ್ದ ಮೂಡಿದ ದಿನ ಅವಳು ಹತ್ತಿರ ಬಂದು ನೋಡಿ, "ಅಬ್ಬಾ, ಇವಳು ಯಾರ ಮಾತನ್ನೂ ಕೇಳಿದೋಳಲ್ಲ ಬಿಡು" ಎಂದು ನಕ್ಕಿದ್ದಳು. ಆವತ್ತು ನೀನು ನಮ್ಮಿಬ್ಬರಿಗೂ ಬರೀ ಒಬ್ಬ ಹಟಮಾರಿ ಹುಡುಗಿ. ಹಾಗೇ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು.

ನೀನು ಸಿಕ್ಕಿದ ಜಾಗವೇ ಸರಿಯಿರಲಿಲ್ಲ ನೋಡು. ರೈಲು ಹಳಿಯ ಆಚೆ, ಒಳಚರಂಡಿಗೆಂದು ಅಗೆಯುವಾಗ ನಿನ್ನ ಮೂಳೆ ಸಿಕ್ಕಿತು. ಅಲ್ಲಿಯವರನ್ನು ನಾವು ಈಚೆಯವರು "ಹಳಿಯಾಚೆಯವರು" ಎನ್ನುತ್ತೇವೆ. ನಮಗಿಂತ ಕಪ್ಪು ಜನ. ಆ ಹಳಿಯನ್ನು ಹಾಕಲಿಕ್ಕೆಂದು ಕರೆಸಿಕೊಂಡವರ ಮೊಮ್ಮಕ್ಕಳು, ಮರಿಮಕ್ಕಳು. ಹಳಿ ಹಾಕಿದವರೇ ಹಳಿಯಾಚೆಯವರಾದರು, ರೈಲು ಹತ್ತಿ ಬಂದ ನಾವು ಊರಿನವರಾದೆವು. ಈಗ ಚುನಾವಣೆ ಹತ್ತಿರ ಬಂದಿದೆ. "ಮೊದಲು ಬಂದವರದ್ದೇ ಈ ನೆಲ, ನಿನ್ನೆ ಮೊನ್ನೆ ಬಂದವರು ಜಾಗ ಖಾಲಿ ಮಾಡಲಿ" ಎಂದು ಜೀಪಿಗೆ ಕಟ್ಟಿದ ಮೈಕು ದಿನವಿಡೀ ಅರಚುತ್ತದೆ. ಕೆಡವಬೇಕಾದ ಮನೆಗಳೆಂದು ಆಚೆಯ ಬಾಗಿಲುಗಳಿಗೆ ಕೆಂಪು ಬಣ್ಣದಲ್ಲಿ ಕಾಟು ಹಾಕಿದ್ದಾರೆ. ಕಣ್ಣಿನವಳ ಮನೆ ಬಾಗಿಲಿಗೂ ಹಾಕಿದ್ದಾರೆ. ಮಾರನೇ ದಿನವೂ ಅವಳು ಕೆಲಸಕ್ಕೆ ಬಂದಳು, ಏಪ್ರನ್ ಕಟ್ಟಿಕೊಂಡಳು, ನಿನ್ನ ಎಡಗಣ್ಣಿನ ಪಾಪೆ ಸರಿಯಾಗಿಲ್ಲವೆಂದು ಗಾಜನ್ನು ಮತ್ತೆ ಕಾಯಿಸಲು ಕೂತಳು.

ಇಷ್ಟರ ನಡುವೆ ಈ ಊರಿನಲ್ಲಿ ಸಿಕ್ಕಿದ ಅತಿ ಹಳೆಯ ಮನುಷ್ಯಳು ನೀನೇ ಎಂದಾಯಿತು. ಸರಿ, ನಿನ್ನ ಕೆನ್ನೆಯ ಬಣ್ಣ ಊರಿನ ರಾಜಕೀಯವಾಯಿತು. ನಿನ್ನ ಮೂಳೆಯ ಡಿಎನ್‌ಎ ಪರೀಕ್ಷೆ ಮಾಡಿದ ಪ್ರಯೋಗಾಲಯದವರು "ಖಚಿತವಾಗಿ ಹೇಳಲಾಗದು, ಕಡುಗಪ್ಪಾಗಿದ್ದ ಸಂಭವವೇ ಹೆಚ್ಚು" ಎಂದು ವರದಿ ಕಳಿಸಿದರು. ಅದನ್ನು ಓದಿದ ಮ್ಯೂಸಿಯಮ್ ಸಮಿತಿಯ ಅಧ್ಯಕ್ಷರು (ಆ ಜೀಪಿನ ಪಕ್ಷದವರೇ) ಪರಿವಾರ ಸಮೇತ ನಮ್ಮ ಕೋಣೆಗೇ ಬಂದರು. ಬಂದವರೇ ತೋಳು ಮಡಚಿ, ತಮ್ಮ ಕೈಯನ್ನು ನಿನ್ನ ಬಿಳಿ ಪ್ಲಾಸ್ಟರಿನ ಕೆನ್ನೆಯ ಪಕ್ಕ ಹಿಡಿದರು. ಅವರೊಬ್ಬರೇ ಅಲ್ಲ, ನಿನ್ನನ್ನು ನೋಡಲು ಬಂದವರೆಲ್ಲ ತಮಗೇ ಗೊತ್ತಿಲ್ಲದೆ ಅದನ್ನೇ ಮಾಡುತ್ತಿದ್ದರು. "ನೋಡಮ್ಮ, ನಮ್ಮನೆ ಹೆಣ್ಮಕ್ಕಳ ಥರ ಇರ್ಲಿ. ಶಾಲೆ ಮಕ್ಕಳು ಬಂದು ನೋಡಿದ್ರೆ ಇವಳು ನಮ್ಮೋಳು ಅನ್ನಿಸ್ಬೇಕು" ಎಂದರು. ವರದಿ ತೋರಿಸಿದೆ. "ಸಂಭವ ತಾನೇ? ನಾನು ಮಂತ್ರಿ ಆಗೋ ಸಂಭವಾನೂ ಇದೆ, ಈಗ್ಲೇ ಕೆಂಪು ದೀಪದ ಕಾರು ಕೊಡ್ತಾರಾ?" ಎಂದರು. ಹಿಂದಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಇಡೀ ದಿನ ಮೈ ಉರಿಯಿತು.

ನಮ್ಮ ನಿರ್ದೇಶಕರು ಒಳ್ಳೆಯವರು, ಇರುವೆಗೂ ದಾರಿ ಬಿಟ್ಟು ನಡೆಯುವವರು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಬಣ್ಣಾನೇ ಬೇಡ ಬಿಡಿ. ಪ್ಲಾಸ್ಟರ್ ಹೆಂಗಿದ್ಯೋ ಹಂಗೇ ಇರ್ಲಿ, ಯಾರಿಗೂ ಬೇಜಾರಾಗಲ್ಲ" ಎಂದರು. ನಾನು ನಿನ್ನ ಕಡೆ ನೋಡಿದೆ. ಸುಣ್ಣದ ಗೋಡೆಗಿಂತ ಬೆಳ್ಳಗಿದ್ದೆ. ಯಾರಿಗೂ ಬೇಜಾರಾಗದ ಬಣ್ಣ ಅದೇ ಏಕೆ? ಚಿಕ್ಕವಳಿದ್ದಾಗ ನಮ್ಮತ್ತೆ ನನ್ನ ಗದ್ದ ಹಿಡಿದೆತ್ತಿ, ಬಂದವರಿಗೆಲ್ಲ "ಲಕ್ಷಣ ಇದೆ, ಬಣ್ಣ ಒಂದಿಲ್ಲ" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದೇ ಸಂಕಟ. ನಾನು ಕನ್ನಡಿ ಮುಂದೆ ನಿಂತು, ಇಷ್ಟೊಂದು ಬಣ್ಣ ಇರುವಾಗ ಇಲ್ಲ ಅನ್ನುತ್ತಾರಲ್ಲ ಎಂದು ಯೋಚಿಸುತ್ತಿದ್ದೆ. ಬಣ್ಣದ ಕೆಲಸಕ್ಕೇ ಸೇರಿದ್ದು ಆ ಸಿಟ್ಟಿಗೋ ಏನೋ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಮೈಬಣ್ಣ ಕಲಸುವಾಗ ಮೊದಲ ಹನಿಯನ್ನು ನಮ್ಮ ನಮ್ಮ ಮಣಿಕಟ್ಟಿಗೆ ಹಚ್ಚಿಕೊಂಡು ನೋಡುತ್ತೇವೆ. ಅಲ್ಲಿಂದ ಬೇಕಾದಷ್ಟು ಕಪ್ಪೋ ಕೆಂಪೋ ಬೆರೆಸುವುದು. ನನಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಹಾಗಾಗಿ ಮೇಲಿನ ಹಜಾರದಲ್ಲಿ ನಿಂತಿರುವ ರಾಜ, ಸಿಪಾಯಿ, ವ್ಯಾಪಾರಿ, ಬಾಣಂತಿ ಎಲ್ಲರೂ ನನ್ನ ಮಣಿಕಟ್ಟಿನ ನೆಂಟರೇ. ಜನ ಅವರ ಮುಂದೆ ನಿಂತು "ಇದೇ ನಮ್ಮ ಚರಿತ್ರೆ" ಎಂದು ಫೋಟೋ ಹೊಡೆಸಿಕೊಳ್ಳುತ್ತಾರೆ. ಚರಿತ್ರೆಯನ್ನು ಎಲ್ಲರೂ ತಮ್ಮ ಕೈಯಿಂದಲೇ ಅಳೆಯಲು ಶುರುಮಾಡುತ್ತಾರೆ ಎಂದು ಇಷ್ಟು ವರ್ಷ ಬಣ್ಣ ಹಚ್ಚಿದ ನನಗೆ ನಿನ್ನಿಂದ ತಿಳಿಯಿತು. ತಿಳಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಬ್ರಷ್ಷು ಹಿಡಿಯುತ್ತಿದ್ದೆ, ಇಡುತ್ತಿದ್ದೆ. ಮನೆಯಲ್ಲಿ ಒಲೆಯ ಮುಂದೆ ನಿಂತಿದ್ದರೂ ಮನಸ್ಸು ಇಲ್ಲೇ. "ಸತ್ತೋಳ ಚಿಂತೇಲಿ ಬದುಕಿರೋರ ಅಡುಗೆ ಸೀದುಹೋಗ್ತಿದೆ ಮಾರಾಯ್ತಿ" ಎಂದು ನನ್ನ ಗಂಡ ಗೊಣಗುತ್ತಿದ್ದ.

ನನ್ನ ತಲೆಯಲ್ಲಿ ಒಂದು ಹುಳು ಹೊಕ್ಕಿತ್ತು ಅಜ್ಜಿ. ನಿನ್ನನ್ನು ಕಪ್ಪಗೆ ಮಾಡಿ, ಹಳಿಯಾಚೆಯವರ ಹಾಗೇ ಮಾಡಿ, ಅಧ್ಯಕ್ಷರ ಮುಂದೆ ನಿಲ್ಲಿಸಬೇಕು. "ಮೊದಲು ಬಂದವರು ಯಾರು, ಈಗ ಹೇಳಿ" ಎನ್ನಬೇಕು. ಕಣ್ಣಿನವಳ ಮನೆ ಉಳಿಯಬೇಕು. ಈ ಯೋಚನೆಯ ಖುಷಿ ತಡೆಯಲಾರದೆ ಅವಳಿಗೆ ಹೇಳಿಯೇಬಿಟ್ಟೆ. ಅವಳು ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಅಲ್ವೇ, ಇವಳು ನನ್ನ ಥರ ಇದ್ರೆ ನಾನಿಲ್ಲಿ ಇರಬಹುದು. ಇಲ್ಲದಿದ್ರೆ? ನಾಳೆ ಇನ್ನೊಂದು ಬುರುಡೆ ಸಿಕ್ಕತ್ತೆ, ಅದು ಅವರ ಥರ ಇರತ್ತೆ. ಆವಾಗ ಗಂಟುಮೂಟೆ ಕಟ್ಟಲಾ? ನಮ್ಮಜ್ಜ ನಡ್ಕೊಂಡು ಬಂದ, ಕೆಲಸ ಮಾಡ್ದ, ಇಲ್ಲೇ ಸತ್ತ. ನಾವು ಬಂದೋರೇ, ಅದರಲ್ಲಿ ಮುಚ್ಚಿಡೋದೇನಿದೆ? ಬಂದೋರು ಅಂದ್ರೆ ಮನುಷ್ಯರಲ್ವಾ?" ಎಂದಳು. ಗಾಜನ್ನು ಮತ್ತೆ ಉರಿಗೆ ಹಿಡಿಯುತ್ತಾ, "ನನ್ನ ಮನೆಗೆ ಸತ್ತೋರನ್ನ ಸಾಕ್ಷಿ ಕರೀಬೇಡ" ಎಂದಳು.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೊದಲು ಬಂದವರದ್ದು ನೆಲ ಎಂಬ ಮಾತನ್ನು ನಾನೂ ಒಪ್ಪಿಕೊಂಡೇ ವಾದಕ್ಕೆ ನಿಂತಿದ್ದೆನಲ್ಲ! ಅಧ್ಯಕ್ಷರ ಆಟ, ಅಧ್ಯಕ್ಷರ ನಿಯಮ, ಗೆಲ್ಲಬೇಕೆಂದು ನಾನು ಒದ್ದಾಡುತ್ತಿದ್ದೆ. ನೀನು ಮೊದಲು ಬಂದವಳೋ, ಯಾರನ್ನೋ ಓಡಿಸಿ ಬಂದವಳೋ, ಯಾರೋ ಓಡಿಸಿದ್ದಕ್ಕೆ ಬಂದವಳೋ ಯಾರಿಗೆ ಗೊತ್ತು? ನಿನಗೆ ಈ ಊರೇ ಗೊತ್ತಿರಲಿಲ್ಲ. ನಿನ್ನ ಬದುಕಿನ ತುಂಬ ಹಸಿವು, ಮಕ್ಕಳು, ಹಲ್ಲುನೋವು ಇತ್ತು. ಹಲ್ಲುನೋವಂತೂ ಇದ್ದೇ ಇತ್ತು, ನಿನ್ನ ದವಡೆಯೇ ಹೇಳುತ್ತದೆ. ಅದನ್ನೆಲ್ಲ ಬಿಟ್ಟು ನಿನ್ನ ಚರ್ಮಕ್ಕೆ ಮಾತ್ರ ಇಷ್ಟು ಜನ ಕಿತ್ತಾಡುತ್ತಿದ್ದೇವೆ.

ಕೊನೆಗೆ ವರದಿ ಹೇಳಿದ ಬಣ್ಣವನ್ನೇ ಹಚ್ಚಿದೆ. ಯಾರಿಗೂ ಉತ್ತರ ಕೊಡಲಿಕ್ಕಲ್ಲ. ನನಗೆ ಗೊತ್ತಿರುವುದು ಅಷ್ಟೇ ಎಂಬ ಕಾರಣಕ್ಕೆ. ಈ ಸಲ ಮೊದಲ ಹನಿಯನ್ನು ನನ್ನ ಕೈಗೆ ಹಚ್ಚಿಕೊಳ್ಳಲು ಮನಸ್ಸು ಬರಲಿಲ್ಲ. ಕಣ್ಣಿನವಳ ಕೈ ಕೇಳಿದೆ. "ನಂದೂ ಬೇಡ, ಒಂದು ಹಂಚಿನ ಚೂರಿಗೆ ಹಚ್ಚು" ಎಂದಳು. ಹಾಗೇ ಮಾಡಿದೆ. ಅವಳು ಕಣ್ಣು ಕೂರಿಸಿದಳು. ನೀನು ಥಟ್ಟನೆ ನಮ್ಮಿಬ್ಬರನ್ನೂ ನೋಡಿದೆ, ನಾವಿಬ್ಬರೂ ಎದ್ದು ನಿಂತೆವು. ಯಾಕೆ ನಿಂತೆವೋ ಗೊತ್ತಿಲ್ಲ.

ಅಧ್ಯಕ್ಷರು ಬಂದು ನೋಡಿ ಹೋದರು. ಸಂಜೆಯೊಳಗೆ ನಿನ್ನ ಮೇಲೆ ಬಟ್ಟೆ ಬಿತ್ತು. ನಿನ್ನನ್ನು ಉಗ್ರಾಣಕ್ಕೆ ಸಾಗಿಸುತ್ತಾರಂತೆ. ನನ್ನನ್ನು ಮುಖದ ಕೆಲಸದಿಂದ ತೆಗೆದು ಮಡಕೆ ಚೂರು ತೊಳೆಯಲು ಹಾಕಿದ್ದಾರೆ. ತೊಳೆಯುತ್ತೇನೆ, ಅದೂ ಕೆಲಸವೇ. ನಿನ್ನ ಮುಖ ಕತ್ತಲಲ್ಲಿ ಇರುತ್ತದಲ್ಲ, ಅದೊಂದು ಮಾತ್ರ ತುಂಬಾ ನೋಯುತ್ತದೆ.

ನಾಳೆ ಹಳಿಯಾಚೆ ಬುಲ್ಡೋಜರ್ ಬರುತ್ತದೆ. ಇಷ್ಟೆಲ್ಲ ತತ್ವ ಮಾತಾಡಿ ನಾನು ಮಡಕೆ ತೊಳೆಯುತ್ತಾ ಕೂರಲಾರೆ. ಕಣ್ಣಿನವಳ ಮನೆ ಮುಂದೆ ಹೋಗಿ ನಿಲ್ಲುತ್ತೇನೆ ಎಂದು ಬೆಳಿಗ್ಗೆ ಗಂಡನಿಗೆ ಹೇಳಿದೆ. "ನಿನಗ್ಯಾಕೆ ಊರ ಉಸಾಬರಿ?" ಎಂದು ರೇಗಿದ. ಪೇಪರು ಮಡಚಿಟ್ಟು, "ಎಷ್ಟು ಹೊತ್ತಿಗೆ ಹೊರಡೋದು?" ಎಂದ. ಮೂವತ್ತು ಜನ ಬರುತ್ತಾರೋ ಮೂವರೇ ಇರುತ್ತೇವೋ ಗೊತ್ತಿಲ್ಲ. ಮನೆ ಉಳಿಯುತ್ತದೆ ಎಂಬ ಭರವಸೆಯೂ ನನಗಿಲ್ಲ.

ಅಲ್ಲಿ ಪೊಲೀಸರು ಕೇಳಿದರೆ ಏನು ಹೇಳಬೇಕೆಂದು ಈಗಷ್ಟೇ ಕಣ್ಣಿನವಳನ್ನು ಕೇಳಿದೆ. ಚರಿತ್ರೆ, ಕಾನೂನು, ಹಕ್ಕು, ಏನೇನೋ ಉರು ಹೊಡೆದಿದ್ದೆ. ಅವಳು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸುತ್ತಾ ಹೇಳಿದಳು: "ಅದೆಲ್ಲ ಏನೂ ಬೇಡ. ನನ್ನನ್ನ ತೋರಿಸಿ, 'ನಾನು ಇವಳ ಜೊತೆ ಕೆಲಸ ಮಾಡೋಳು' ಅನ್ನು. ಅಷ್ಟು ಸಾಕು."

ಹೋಗಿಬರುತ್ತೇನೆ ತಾಯಿ. ಇನ್ನು ನಿನ್ನನ್ನು ಯಾರೂ ಯಾವುದಕ್ಕೂ ಕರೆಯದಿರಲಿ. ತಣ್ಣಗಿರು.

ನಿನ್ನ ಮುಖ ಮಾಡಿದವಳು