ಬಾಲ್ಕನಿಗೆ ಬಾರದ ಹಕ್ಕಿಗಳು

ಜನಕಪುರಿ, ದೆಹಲಿ
೧೧ ನವೆಂಬರ್ ೨೦೨೫

ಮಗಳೇ ರಶ್ಮಿತಾ,

ಫೋನು ಮಾಡಿದರೆ ಕೋಚಿಂಗ್ ಕ್ಲಾಸಿದೆ ಎಂದು ಅರ್ಧಕ್ಕೇ ಇಟ್ಟುಬಿಡುತ್ತಿ, ಅದಕ್ಕೇ ಈ ಕಾಗದ. ನಿನ್ನ ಕನ್ನಡ ನನಗೆ ಗೊತ್ತು. ಕೂಡಿಸಿ ಕೂಡಿಸಿಯಾದರೂ ಪೂರ್ತಿ ಓದು.

ಗುರುವಾರ ನಿನ್ನ ಲ್ಯಾಬಿನ ಸುಮಿತ್ ಬಂದಿದ್ದ. ಸಂಶೋಧನೆ ಬಿಟ್ಟು ಐಎಎಸ್‌ಗೆ ಓದು ಎಂದು ಅಪ್ಪ ಹಠ ಹಿಡಿದಾಗ ನೀನು ಸಿಟ್ಟಿನಲ್ಲಿ ಬಿಟ್ಟುಹೋದ ಲ್ಯಾಪ್‌ಟಾಪಿನಿಂದ ಅವನಿಗೇನೋ ಬೇಕಿತ್ತಂತೆ. ನಾನು ಅಡುಗೆಮನೆಯಲ್ಲಿದ್ದೆ. ಇದ್ದಕ್ಕಿದ್ದಂತೆ ಹಕ್ಕಿಗಳ ಚಿಲಿಪಿಲಿ. ಈ ಹೊಗೆಯ ಊರಿಗೆ ಇಷ್ಟೊಂದು ಎಲ್ಲಿಂದ ಬಂದವಪ್ಪಾ ಎಂದು ಹಿಡಿ ಅಕ್ಕಿ ತೆಗೆದುಕೊಂಡು ಬಾಲ್ಕನಿಗೆ ಓಡಿದೆ. ಪಾರಿವಾಳದ ಬಲೆ ಬಿಟ್ಟರೆ ಅಲ್ಲೇನೂ ಇಲ್ಲ. ಸದ್ದು ಬಂದದ್ದು ನಿನ್ನ ಲ್ಯಾಪ್‌ಟಾಪಿನಿಂದ. ಸುಮಿತ್ ನಕ್ಕು ನಕ್ಕು ಸುಸ್ತಾದ.

ಆಮೇಲೆ ಕೂರಿಸಿಕೊಂಡು ಹೇಳಿದ. ಭೂಮಿಯ ಸುತ್ತ ಅದರದೇ ಕಾಂತದ ಆವರಣವಿದೆಯಂತೆ. ಅದರೊಳಗೆ ಎಲೆಕ್ಟ್ರಾನುಗಳು ಸುತ್ತುತ್ತಾ ಅಲೆ ಎಬ್ಬಿಸುತ್ತವಂತೆ. ಅಲ್ಲಿ ಸದ್ದು ಹೊರುವಷ್ಟು ಗಾಳಿಯೇ ಇಲ್ಲ. ಉಪಗ್ರಹ ಹಿಡಿದು ಕಳಿಸಿದ ಅಲೆಯನ್ನು ಸ್ಪೀಕರಿಗೆ ಕೊಟ್ಟರೆ ನಮಗೆ ಹೀಗೆ ಕೇಳುತ್ತದಂತೆ. ಅದೂ ಭೂಮಿಯ ಯಾವ ಬದಿಗೆ ಬೆಳಗಾಗುತ್ತಿದೆಯೋ ಆ ಬದಿಯಲ್ಲೇ ಹೆಚ್ಚಂತೆ. ಮೈ ಜುಮ್ಮೆಂದಿತು ಮಗಾ. ಬೆಳಗಿನ ಜಾವ ನಾವು ನಮ್ಮ ಹೋಟೆಲಿನ ಶಟರ್ ಎತ್ತುವ ಹೊತ್ತಿಗೆ ತಲೆಯ ಮೇಲೆ ಇಷ್ಟೆಲ್ಲ ನಡೆಯುತ್ತಿತ್ತು, ನನಗೆ ತಿಳಿದೇ ಇರಲಿಲ್ಲ. ನೀನು ಇದನ್ನು ಕೇಳುತ್ತಾ ಕೂತಿದ್ದಾಗ ನಾನು ಊಟಕ್ಕೆ ಬಾ ಎಂದು ಕಿರುಚುತ್ತಿದ್ದೆ.

ಸುಮಿತ್ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟ. ಮರುದಿನ ಹೋಟೆಲಿನಲ್ಲಿ ದೀಪ ಹಚ್ಚಿ, ಸುಪ್ರಭಾತದ ಬದಲು ಇದನ್ನೇ ಹಾಕಿದೆ. ಅಪ್ಪ ದೇವರಿಗೆ ಇಡುವ ಮೊದಲ ದೋಸೆ ಹೊಯ್ಯುತ್ತಿದ್ದರು. ಇದೇನೆಂದು ಗದರಿದರು. ನಿಮ್ಮ ಮಗಳ ಕೆಲಸ, ನೀವು ಬಿಡಿಸಿದ್ದು ಎಂದು ಹೇಳಿ, ಸುಮಿತ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವರು ಸಟ್ಟುಗ ಹಿಡಿದು ಫೋನನ್ನೇ ನೋಡುತ್ತಾ ನಿಂತರು. ದೇವರ ದೋಸೆ ಸೀದುಹೋಯಿತು. ಎರಡನೆಯದೂ.

ನಿನ್ನ ಗೈಡ್ ಈ ತಿಂಗಳ ಕೊನೆಯವರೆಗೆ ನಿನ್ನ ಜಾಗ ಇಟ್ಟಿರುತ್ತಾರಂತೆ. ಆಮೇಲೆ ಬೇರೆಯವರಿಗೆ. ಬಂದುಬಿಡು. ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಮ್ಮ,
ಹರಿಣಾಕ್ಷಿ

ಇನ್ನೊಂದು ಮಾತು: ನಿನ್ನೆ ರಾತ್ರಿ ಕಾಗದ ಮಡಚಿಟ್ಟು ಇವತ್ತು ಬೆಳಿಗ್ಗೆ ಹೋಟೆಲಿಗೆ ಹೋದರೆ, ಅಪ್ಪ ಆಗಲೇ ನಿನ್ನ ಹಕ್ಕಿಗಳನ್ನು ಹಾಕಿಕೊಂಡು ನಿಂತಿದ್ದರು. ಸುಮಿತ್‌ಗೆ ತಾವೇ ಫೋನು ಮಾಡಿ ತರಿಸಿಕೊಂಡಿದ್ದಾರೆ. ಬರುವ ಭಾನುವಾರ ವ್ಯಾನ್ ತೆಗೆದುಕೊಂಡು ಮುಖರ್ಜಿ ನಗರದ ನಿನ್ನ ರೂಮಿಗೆ ಬರುತ್ತಾರೆ. ಅಲ್ಲೇ ಹತ್ತಿರದ ಆಜಾದ್‌ಪುರ ಮಂಡಿಗೆ ತರಕಾರಿಗೆಂದು ಬಂದವನು ಹಾಗೇ ಬಂದೆ ಎನ್ನುತ್ತಾರೆ. ವ್ಯಾನಿನಲ್ಲಿ ಒಂದು ಕಟ್ಟು ಸೊಪ್ಪೂ ಇರುವುದಿಲ್ಲ. ನೀನು ಕೇಳಲು ಹೋಗಬೇಡ. ಪೆಟ್ಟಿಗೆ ಕಟ್ಟಿಟ್ಟಿರು.