ಕೂಡ್ರಿ ಕಾಕಾ

ಮಣಿಕೊಂಡ, ಹೈದರಾಬಾದ್
೧೨ ಆಗಸ್ಟ್ ೨೦೦೬

ಪ್ರೀತಿಯ ಅವ್ವಾ,

ಅಕ್ಕನ ಬಾಣಂತನದ ಗದ್ದಲದಲ್ಲಿ ನಿನ್ನ ಮೊಣಕಾಲನ್ನು ಮರೆತಿಲ್ಲ ತಾನೆ? ದಿನಾ ಎಣ್ಣೆ ಹಚ್ಚಿಕೊ. ಕೂಸು ಯಾರನ್ನು ಹೋಲುತ್ತದೆ? ಭಾವನ ಮೂಗೊಂದು ಬಾರದಿದ್ದರೆ ಸಾಕು. ಅಪ್ಪ ಆರಾಮ, ನಾನು ಬಡಿದ ರೊಟ್ಟಿಯನ್ನು ಗೊಣಗದೆ ತಿನ್ನುತ್ತಿದ್ದಾರೆ, ಪಾಪ. ಫೋನಿನಲ್ಲಿ ಹೇಳಿದರೆ ಸೇಡಂನಲ್ಲಿ ಅಕ್ಕನ ಅತ್ತೆಮನೆಯವರೆಲ್ಲ ಕಿವಿಗೊಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಲವತ್ತು ದಾಟಿದ ನಮ್ಮ ಟೀಮ್ ಲೀಡರ್ ಬೇರೆ ಕಂಪನಿಗೆ ಹೋದ ಮೇಲೆ ಅವರ ಕೆಲಸವೆಲ್ಲ ನಾನೇ ಮಾಡುತ್ತಿದ್ದೆನಲ್ಲ, ಆ ಹುದ್ದೆಯನ್ನೂ ನನಗೇ ಕೊಡಿ ಎಂದು ಕೇಳಿದೆ. ಮ್ಯಾನೇಜರ್ ಪ್ರಾಣೇಶ ಸರ್, ರಾಯಚೂರಿನವರು, ನಕ್ಕೇಬಿಟ್ಟರು. “ಈಗಿನ ಹುಡುಗ್ರು ಒಂದ್ ಕಡೆ ನಿಂದ್ರಂಗಿಲ್ಲ. ನಾಕು ರೂಪಾಯಿ ಜಾಸ್ತಿ ಸಿಕ್ರ ಜಿಗದಬಿಡ್ತಾರ” ಅಂದರು. ಜಿಗಿದವರ ವಯಸ್ಸೆಷ್ಟು ಸರ್ ಎಂಬ ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಬುಧವಾರ ಗಿರಾಕಿ ಕಂಪನಿಯವರು ಬರುತ್ತಾರೆ, ಅವರು ಒಪ್ಪಿದರೆ ನೋಡೋಣ ಎಂದರು.

ಬುಧವಾರ ಮೀಟಿಂಗ್ ಕೋಣೆಯಲ್ಲಿ ಲೀಡರ್ ಕೂರುವ, ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ಕೂತಿದ್ದೆ. ಅತಿಥಿಗಳು ಬರುವ ಹೊತ್ತಿಗೆ ನಮ್ಮ ತಂಡದ ಸೂರ್ಯಕಾಂತ ಕಾಕಾ, ಬ್ಯಾಂಕಿನ ನೌಕರಿ ಬಿಟ್ಟು ಬಂದ ಐವತ್ತರ ಮನುಷ್ಯ, ಜಾಗವಿಲ್ಲದೆ ಗೋಡೆಗೆ ಒರಗಿ ನಿಂತಿದ್ದರು. ದೊಡ್ಡವರು ನಿಂತಿರುವಾಗ ಕೂತರೆ ತಲೆಗೆ ಮೊಟಕಿ ಬೆಳೆಸಿದವಳು ನೀನು! ಗೊತ್ತಿಲ್ಲದೆಯೇ ಎದ್ದು “ಕೂಡ್ರಿ ಕಾಕಾ” ಎಂದುಬಿಟ್ಟೆ. ಮುಗಿಯಿತು ಕಥೆ. ಬಂದವರು ಅವರ ಕೈ ಕುಲುಕಿದರು, ಪ್ರಶ್ನೆಗಳೆಲ್ಲ ಅವರಿಗೇ. ನನ್ನ ಹತ್ತಿರ ನೀರು ಕೇಳಿದರು! ನೀರು ಕೊಟ್ಟೆ. ಕೊಟ್ಟು, ಈ ಕೆಲಸ ನೋಡಿಕೊಳ್ಳುವವಳು ನಾನೇ ಎಂದು ಹೇಳಿ ಬೋರ್ಡಿನ ಮುಂದೆ ನಿಂತೆ. ಆಮೇಲೆ ನನ್ನ ಬಾಯಿ ನಿನಗೆ ಗೊತ್ತಲ್ಲ. ಅವರು ಮತ್ತೆ ಮತ್ತೆ ಕಾಕಾರತ್ತ ತಿರುಗಿದರೆ, ಆ ಪುಣ್ಯಾತ್ಮರು ನನ್ನತ್ತ ಬೆರಳು ತೋರಿಸಿ ಸುಮ್ಮನೆ ಚಹಾ ಕುಡಿಯುತ್ತಿದ್ದರು. ಹೊರಗೆ ಬಂದ ಮೇಲೆ ಪ್ರಾಣೇಶ ಸರ್, “ಕುರ್ಚಿ ಯಾಕ ಬಿಟ್ಟಿ?” ಎಂದು ಗದರಿದರು. “ಕುರ್ಚಿ ಬಿಟ್ಟೀನ್ರಿ ಸರ್, ಕೆಲಸ ಬಿಟ್ಟಿಲ್ರಿ” ಎಂದೆ.

ಬೀಗರಿಗೆಲ್ಲ ಶರಣು ತಿಳಿಸು. ಕೂಸಿನ ಕೆನ್ನೆಗೆ ಈ ಚಿಗವ್ವನದೊಂದು ಮುತ್ತು.

ನಿನ್ನ ಜಗಳಗಂಟಿ,
ಶಿವಗಂಗಾ

ತಾ.ಕ.: ಅಯ್ಯ, ಮುಖ್ಯವಾದದ್ದೇ ಬಿಟ್ಟೆ! ನಿನ್ನೆ ಸಂಜೆ ಸರ್ ಕರೆದು ಹೇಳಿದರು, ಗಿರಾಕಿ ಕಂಪನಿಯವರು ಒಪ್ಪಿದ್ದಾರಂತೆ, ಸೋಮವಾರದಿಂದ ಲೀಡರ್ ನಾನೇ. ಚೌತಿಯಾದ ಮೇಲೆ ನನ್ನನ್ನು ನೋಡಲು ಬರುವ ಯಾದಗಿರಿಯವರಿಗೆ ಈ ವರ್ಷ ಬೇಡವೆಂದು ಹೇಳಿಬಿಡು, ನಿನ್ನ ಕಾಲಿಗೆ ಬೀಳುತ್ತೇನೆ. ಬೈಯುವುದಿದ್ದರೆ ಬೈ. ಆದರೆ ಮೊದಲು ಓಣಿಯ ನಾಲ್ಕು ಮಂದಿಗೆ ‘ನನ್ನ ಮಗಳು ಲೀಡರ್ ಆಗ್ಯಾಳ’ ಅಂತ ಹೇಳಿ ಬಂದು, ಆಮೇಲೆ ಬೈ.